ಚೀಲದ ಪಟ್ಟಿಯನ್ನು ಎಕ್ಸ್‌ರೇಗೆ ಹಿಡಿಯುವ ಮುನ್ನ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಧಾರವಾಡಕ್ಕೆ ಎಂ.ಎಸ್ಸಿ. ಓದಲು ಹೋಗುವ ಮಕ್ಕಳು ಎಕ್ಸ್‌ರೇ ಪ್ರಾಜೆಕ್ಟಿಗೆ ಸ್ಯಾಂಪಲ್ ಹುಡುಕಿ ಅಲೆಯಬೇಕಿಲ್ಲ. ಹೊಲದ ಬದುವಿಗೆ ಬಿದ್ದ ಗೊಬ್ಬರದ ಚೀಲ ಸಾಕು.

• ಮೊದಲು ಕೈಯಿಂದ ನೋಡ್ರಿ. ಚೀಲದ ಒಂದು ಪಟ್ಟಿ ಬಿಡಿಸಿ ಉದ್ದಕ್ಕೆ ಜಗ್ಗಿದರೆ ಬೆರಳು ಕೊಯ್ದೀತು, ಪಟ್ಟಿ ಹರಿಯದು. ಅದೇ ಉಗುರು ತಾಗಿಸಿದರೆ ಉದ್ದುದ್ದಕ್ಕೆ ಸೀಳಿ ನಾರುನಾರಾಗುತ್ತದೆ. ಪಾಲಿಪ್ರೊಪಿಲಿನ್ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿ, ಬಿಸಿಯಲ್ಲಿ ಐದಾರು ಪಟ್ಟು ಎಳೆದಿರುತ್ತಾರೆ. ಅಣುಸರಪಳಿಗಳೆಲ್ಲ ಎಳೆದ ದಿಕ್ಕಿಗೆ ಸಾಲುಗೂಡಿರುತ್ತವೆ. ಅಳೆಯಬೇಕಾದ್ದು ಈ ಸಾಲನ್ನೇ.

• ಪುಡಿ ಮಾಡಬೇಡಿ! ಖನಿಜದ ಅಭ್ಯಾಸವಿದ್ದವರು ಏನು ಕೊಟ್ಟರೂ ಅರೆಯಲು ಕೂರುತ್ತಾರೆ. ಅರೆದರೆ ದಿಕ್ಕು ಕೆಟ್ಟಿತು. ಕತ್ತರಿಸುವ ಮೊದಲೇ ಬಾಣದ ಗುರುತು ಹಾಕಿ, ಪಟ್ಟಿಗಳನ್ನು ಮಗ್ಗದ ಹಾಸಿನ ಹಾಗೆ ಒತ್ತಾಗಿ ಕಟ್ಟಿ. ಬೆಟಗೇರಿಯ ನೇಕಾರರ ಮಕ್ಕಳಿಗೆ ಇದನ್ನು ನಾನೇನು ಹೇಳಲಿ!

• ಪಟ್ಟಿ ನೆಟ್ಟಗಿರಲಿ, ಕಿರಣ ಅದಕ್ಕೆ ಲಂಬವಾಗಿ ಹಾಯಲಿ. ಪಟ್ಟಿಯೊಳಗಿನ ಹರಳುಗಳು ಅಡ್ಡಾದಿಡ್ಡಿ ಇದ್ದರೆ ಹಿಂದಿನ ಫಲಕದಲ್ಲಿ ಪೂರ್ತಿ ಉಂಗುರ ಮೂಡುತ್ತದೆ. ಸಾಲುಗೂಡಿದ್ದರೆ ಉಂಗುರ ಒಡೆದು ಎಡಬಲಕ್ಕೆ ಕಮಾನುಗಳಾಗುತ್ತವೆ. ಕಮಾನು ಗಿಡ್ಡವಾದಷ್ಟೂ ಜೋಡಣೆ ಬಿಗಿ. ತಾಮ್ರದ ಕಿರಣಕ್ಕೆ (1.54 ಆಂಗ್‌ಸ್ಟ್ರಾಮ್) 14, 17, 18.5 ಡಿಗ್ರಿಯ (2θ) ಆಸುಪಾಸಿನಲ್ಲಿ ಹುಡುಕಿ. ಜೋಡಣೆಯನ್ನು ಅಳೆಯುವ ಹರ್ಮನ್ಸ್ ಅಂಕ 1 ಬಂದರೆ ಎಲ್ಲವೂ ಎಳೆದ ದಿಕ್ಕಿಗೇ, 0 ಬಂದರೆ ಚೆಲ್ಲಾಪಿಲ್ಲಿ, -0.5 ಎಂದರೆ ಪೂರಾ ಅಡ್ಡ. ಸರಪಳಿಯ ಅಕ್ಷವನ್ನು ನೇರವಾಗಿ ತೋರುವ ಅನುಕೂಲದ ಗೆರೆ ಪಾಲಿಪ್ರೊಪಿಲಿನ್‌ನಲ್ಲಿ ಇಲ್ಲ. 14 ಮತ್ತು 17ರ ಎರಡು ಗೆರೆಗಳಿಂದ ಲೆಕ್ಕ ಕಟ್ಟುವ ವಿಲ್ಚಿನ್‌ಸ್ಕಿಯ 1960ರ ದಾರಿ ಹಿಡಿಯಿರಿ.

• ಮಾಮೂಲಿ ಪೌಡರ್ ಯಂತ್ರದಲ್ಲಿ 17ರ ಶಿಖರ ಎದ್ದು ನಿಂತರೆ "ಸ್ಫಟಿಕತೆ ಹೆಚ್ಚಿದೆ" ಎಂದು ಬರೆದುಬಿಡಬೇಡಿ. ಆ ಯಂತ್ರಕ್ಕೆ ಕಾಣುವುದು ಮೇಲ್ಮೈಗೆ ಸಮಾನಾಂತರವಾಗಿರುವ ಪದರಗಳಷ್ಟೇ. ಅಚ್ಚಾದ ಪ್ರಬಂಧಗಳೂ ಇಲ್ಲಿ ಎಡವಿವೆ. ಸ್ಯಾಂಪಲ್ ತಿರುಗಿಸಿ ಮತ್ತೊಮ್ಮೆ ಅಳೆಯಿರಿ.

• 29.4ರಲ್ಲಿ ಚೂಪು ಶಿಖರವೇ? ಹೊಸ ಶೋಧವೇನಲ್ಲ, ಚೀಲಕ್ಕೆ ಬೆರೆಸಿದ ಸುಣ್ಣಕಲ್ಲಿನ ಪುಡಿ.

• ಹೋಲಿಕೆಗೆ ನಮ್ಮ ಜಯಧರ ಹತ್ತಿಯನ್ನೂ ಇಡಿ. ಹತ್ತಿಯಲ್ಲಿ ಸೆಲ್ಯುಲೋಸ್ ನಾರು ಸುರುಳಿ ಸುತ್ತಿರುವುದರಿಂದ 22.7ರ ಕಮಾನು ಉದ್ದ. ರೇಷ್ಮೆ ಎಳೆಯ ಬಗ್ಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆರ್. ಸೋಮಶೇಖರ್ ಬಳಗ ಮಾಡಿದ ಎಕ್ಸ್‌ರೇ ಕೆಲಸವನ್ನು ಓದಿಕೊಳ್ಳಿ.

• ಬಿಸಿಲಿಗೆ ಒಣಗಿ ಮುಟ್ಟಿದರೆ ಉದುರುವ ಚೀಲವೂ ಕಮಾನುಗಳನ್ನು ಚೆನ್ನಾಗಿಯೇ ತೋರಿಸಬಹುದು. ಬಿಸಿಲು ಮೊದಲು ಕಡಿಯುವುದು ಹರಳುಗಳ ನಡುವಿನ ಅಸ್ತವ್ಯಸ್ತ ಕೊಂಡಿಗಳನ್ನು. ಅದಕ್ಕೇ ಜಗ್ಗಿ ಹರಿಯುವ ಪರೀಕ್ಷೆಗೆಂದು ಅದೇ ಚೀಲದ ಅರ್ಧ ಪಟ್ಟಿಗಳನ್ನು ಬೇರೆ ಎತ್ತಿಡಿ.