ಚೈತ್ರದ ಅಳಿವೆಯಲ್ಲಿ ಗಾಳದ ಮೀನುಗಾರಿಕೆ: ವರದಾ ತೀರದ ರೈತರಿಗೊಂದು ಪಾಠ

ವರದಾ ನದಿಯ ದಂಡೆಯ ಹೊಸರಿತ್ತಿ ಭಾಗದ ರೈತರಿಗೆ ಯುಗಾದಿಯಿಂದ ಮುಂಗಾರು ಬಿತ್ತನೆಯವರೆಗೆ ಸ್ವಲ್ಪ ಬಿಡುವಿನ ಕಾಲ. ಜೋಳ, ಕಡಲೆಯ ರಾಶಿ ಮುಗಿದಿರುತ್ತದೆ. ಮೆಣಸಿನಕಾಯಿ ಬ್ಯಾಡಗಿ ಪೇಟೆ ಸೇರಿರುತ್ತದೆ. ಹೊಳೆಯಲ್ಲಿ ನೀರು ಸಣ್ಣಗಾಗಿ ಮಡುಗಳಷ್ಟೇ ಉಳಿದಿರುತ್ತವೆ. ಇಂಥ ಬಿಡುವಿನಲ್ಲಿ ಈ ಭಾಗದ ಕೆಲವು ರೈತರೊಡನೆ ಕುಮಟಾ ತಾಲೂಕಿನ ಅಘನಾಶಿನಿ ನದಿಯ ಅಳಿವೆಗೆ ಹೋಗಿ, ಸ್ಥಳೀಯ ಮೀನುಗಾರರೊಬ್ಬರ ದೋಣಿಯಲ್ಲಿ ಒಂದು ಬೆಳಗನ್ನು ಕಳೆಯುವ ಅವಕಾಶ ಲೇಖಕನಿಗೆ ದೊರೆಯಿತು. ದಡದ ಸಮೀಪದ ಗಾಳದ ಮೀನುಗಾರಿಕೆ ಹೇಗೆ ನಡೆಯುತ್ತದೆ, ಅದಕ್ಕೆ ಹೋಗುವವರು ಏನನ್ನು ತಿಳಿದಿರಬೇಕು, ಅದರಿಂದ ಬಯಲುಸೀಮೆಯ ಒಕ್ಕಲುತನಕ್ಕೆ ಏನು ಪಾಠ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಳಿವೆ ಎಂದರೇನು?

ನದಿಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಅಳಿವೆ ಎನ್ನುತ್ತಾರೆ. ಇಲ್ಲಿ ಸಿಹಿನೀರು ಮತ್ತು ಉಪ್ಪುನೀರು ಕೂಡಿ ಚೌಳು ನೀರಾಗುತ್ತದೆ. ಅಘನಾಶಿನಿ ನದಿಯು ಶಿರಸಿಯ ಬಳಿ ಹುಟ್ಟಿ, ಘಟ್ಟವಿಳಿದು, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದರ ಹರಿವಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಕಟ್ಟಿಲ್ಲ. 2024ರಲ್ಲಿ ಈ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ವರ್ಷ ಆ ಪಟ್ಟಿಗೆ ಸೇರಿತು.

ಮಳೆಗಾಲದಲ್ಲಿ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗಿರುತ್ತದೆ. ಚೈತ್ರ, ವೈಶಾಖಗಳಲ್ಲಿ ನದಿಯ ಹರಿವು ಕಡಿಮೆಯಾಗಿ, ಸಮುದ್ರದ ನೀರು ಒಳನಾಡಿನ ಕಡೆಗೆ ದೂರದವರೆಗೆ ಏರುತ್ತದೆ. ಅದರೊಡನೆ ಸಮುದ್ರದ ಮೀನುಗಳೂ ಒಳಗೆ ಬರುತ್ತವೆ. ನೀರು ತಿಳಿಯಾಗಿರುತ್ತದೆ, ಬೆಳಗಿನ ಹೊತ್ತು ಸಮುದ್ರ ಶಾಂತವಾಗಿರುತ್ತದೆ. ಆದ್ದರಿಂದ ದಡದ ಸಮೀಪ ಗಾಳ ಹಾಕಲು ಇದು ಅನುಕೂಲ ಕಾಲ. ಮೇ ತಿಂಗಳ ಕೊನೆಗೆ ಕಡಲು ಕೆರಳತೊಡಗುತ್ತದೆ. ಆಮೇಲೆ ಹೊಸಬರು ದೋಣಿ ಏರುವುದು ಸರಿಯಲ್ಲ.

ಉಬ್ಬರ-ಇಳಿತದ ಲೆಕ್ಕ

ಬಿತ್ತನೆಗೆ ಹದ ನೋಡುವಂತೆ ಮೀನುಗಾರರು ನೀರಿನ ಏರಿಳಿತ ನೋಡುತ್ತಾರೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ತಾಸು 25 ನಿಮಿಷ. ಹೀಗಾಗಿ ದಿನದಿಂದ ದಿನಕ್ಕೆ ಉಬ್ಬರವು ಸುಮಾರು 50 ನಿಮಿಷ ತಡವಾಗುತ್ತದೆ. ಉದಾಹರಣೆಗೆ, ಇಂದು ಬೆಳಿಗ್ಗೆ 6 ಗಂಟೆಗೆ ನೀರು ತುಂಬಿದರೆ, ನಾಳೆ ಬೆಳಿಗ್ಗೆ 6 ಗಂಟೆ 50 ನಿಮಿಷದ ಸುಮಾರಿಗೆ ತುಂಬುತ್ತದೆ.

ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇಳಿಯುವ ಆರು ತಾಸಿನಲ್ಲಿ ನೀರು ಒಂದೇ ಸಮನಾಗಿ ಇಳಿಯುವುದಿಲ್ಲ. ಒಟ್ಟು ಇಳಿತವನ್ನು 12 ಪಾಲು ಮಾಡಿದರೆ ಮೊದಲ ತಾಸಿನಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯ ತಾಸುಗಳಲ್ಲಿ ತಲಾ 3, ಐದನೆಯದರಲ್ಲಿ 2, ಕೊನೆಯದರಲ್ಲಿ 1 ಪಾಲು ಇಳಿಯುತ್ತದೆ ಎಂಬುದು ನಾವಿಕರ ಅಂದಾಜು. ಅಂದರೆ ನಡುವಿನ ಎರಡು ತಾಸಿನಲ್ಲಿಯೇ ಅರ್ಧ ನೀರು ಓಡಿಹೋಗುತ್ತದೆ. ಈ ಓಡುವ ನೀರು ಸಿಗಡಿಯ ಮರಿಗಳನ್ನೂ ಸಣ್ಣ ಮೀನುಗಳನ್ನೂ ಹೊರಗೆ ತರುತ್ತದೆ. ಅವನ್ನು ಹಿಡಿಯಲು ದೊಡ್ಡ ಮೀನುಗಳು ಅಳಿವೆಯ ಬಾಯಲ್ಲಿ, ಬಂಡೆಗಳ ಮರೆಯಲ್ಲಿ ಕಾದಿರುತ್ತವೆ. ನೀರು ನಿಂತಾಗ ಗಾಳಕ್ಕೆ ಮೀನು ಬೀಳುವುದು ಕಡಿಮೆ.

ನಾವು ಹೋದದ್ದು ರಾಮನವಮಿಯ ಹಿಂದಿನ ದಿನ, ಶುದ್ಧ ಅಷ್ಟಮಿಯಂದು. ಆ ದಿನವನ್ನು ಆರಿಸಿದವರು ದೋಣಿಯ ಯಜಮಾನರೇ. "ಹೊಸಬರಿಗೆ ಮೆದು ನೀರೇ ಸಮ" ಎಂದು ಅವರು ಮೊದಲೇ ಹೇಳಿದ್ದರು.

ಗಾಳ ಹಾಕುವ ಕ್ರಮ

ಬೆಳಿಗ್ಗೆ ಆರಕ್ಕೆ ಹೊರಟೆವು. ಪ್ರತಿಯೊಬ್ಬರಿಗೂ ಜೀವರಕ್ಷಕ ಅಂಗಿ ತೊಡಿಸಿದ ನಂತರವೇ ಯಜಮಾನರು ಎಂಜಿನ್ ಚಾಲೂ ಮಾಡಿದರು. ನಮ್ಮ ತಂಡದಲ್ಲಿ ಮೀನು ತಿನ್ನದವರೂ ಇದ್ದರು; ಅವರು ನೀರು ನೋಡಲು ಬಂದವರು.

ಸಲಕರಣೆ ಸರಳವಾದದ್ದು: ನೈಲಾನ್ ದಾರ, ಅದರ ತುದಿಗೆ ಸೀಸದ ಗುಂಡು, ಒಂದು ಕೊಕ್ಕೆ, ಎರೆಯಾಗಿ ಜೀವಂತ ಸಿಗಡಿ. ಸಿಗಡಿಗೆ ಅಲ್ಲಿ ಶೆಟ್ಲಿ ಎನ್ನುತ್ತಾರೆ. ಗುಂಡು ತಳ ಮುಟ್ಟಿದ ಮೇಲೆ ದಾರವನ್ನು ಒಂದು ಮೊಳ ಮೇಲಕ್ಕೆಳೆದು ಬೆರಳಿನ ಮೇಲೆ ಹಿಡಿದಿರಬೇಕು. ಮೀನು ಮುಟ್ಟಿದ್ದು ಬೆರಳಿಗೆ ತಿಳಿಯುತ್ತದೆ. ಮರಳು ತಳವಿರುವಲ್ಲಿ ಕಾಣೆ ಮೀನು ಸಿಗುತ್ತದೆ. ಬಂಡೆ ಮತ್ತು ಕಾಂಡ್ಲಾ ಗಿಡಗಳ ಬೇರಿನ ಬಳಿ ಕೆಂಬೇರಿ ಇರುತ್ತದೆ. ಕೊಂಕಣಿಯಲ್ಲಿ ಚೊಣಕ ಎನ್ನುವ ಸೀಬಾಸ್ ಮೀನೂ ಇಂಥಲ್ಲಿಯೇ ಹೊಂಚು ಹಾಕುತ್ತದೆ.

ಮೊದಲ ಒಂದು ತಾಸು ಏನೂ ಬೀಳಲಿಲ್ಲ. ನೀರು ಓಡತೊಡಗಿದ ಮೇಲೆ ಒಂದರ ಹಿಂದೊಂದು ಏಳು ಕಾಣೆ ಮೀನು ಬಿದ್ದವು. ಬಳಿಕ ನಮ್ಮಲ್ಲೊಬ್ಬರ ಗಾಳಕ್ಕೆ ಅಂಗೈ ಅಗಲದ ಕೆಂಬೇರಿ ಸಿಕ್ಕಿತು. ಅವರು ಅದನ್ನು ಬುಟ್ಟಿಗೆ ಹಾಕಲು ಹೋದಾಗ ಯಜಮಾನರು ತಡೆದು, ಕೈ ಒದ್ದೆ ಮಾಡಿಕೊಂಡು, ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟರು. "ಇದು ಇನ್ನೂ ಮರಿ. ಇಲ್ಲಿ ದೊಡ್ಡದಾಗಿ ಹೊರಗೆ ಹೋಗಿ ಮೊಟ್ಟೆ ಇಡಬೇಕು" ಎಂದರು.

ಅಳಿವೆಯು ಮೀನಿನ ಅಗಿಮಡಿ

ಯಜಮಾನರ ಮಾತಿಗೆ ವಿಜ್ಞಾನದ ಆಧಾರವಿದೆ. ಕಾಂಡ್ಲಾ ಕಾಡಿನ ಕೆಂಬೇರಿಯು ಎಳೆತನವನ್ನು ಅಳಿವೆಯಲ್ಲಿ ಕಳೆದು, ಬೆಳೆದ ಮೇಲೆ ಹೊರಗಡಲಿನ ಬಂಡೆಗಳಿಗೆ ಹೋಗುತ್ತದೆ. ಅನೇಕ ಜಾತಿಯ ಸಿಗಡಿಗಳು ಸಮುದ್ರದಲ್ಲಿ ಮೊಟ್ಟೆ ಇಡುತ್ತವೆ. ಮರಿಗಳು ಅಳಿವೆಗೆ ಬಂದು ಬೆಳೆದು, ಮರಳಿ ಸಮುದ್ರಕ್ಕೆ ಹೋಗುತ್ತವೆ. ಸೀಬಾಸ್ ಮೀನಿನ ಬಗೆಯಂತೂ ವಿಚಿತ್ರ. ಅದು ಸಾಮಾನ್ಯವಾಗಿ ಮೊದಲು ಗಂಡಾಗಿದ್ದು, ಕೆಲವು ವರ್ಷಗಳ ನಂತರ ದೊಡ್ಡದಾದಾಗ ಹೆಣ್ಣಾಗುತ್ತದೆ. ದೊಡ್ಡವನ್ನೆಲ್ಲ ಹಿಡಿದರೆ ಮೊಟ್ಟೆ ಇಡುವ ಮೀನೇ ಉಳಿಯುವುದಿಲ್ಲ. ಸಣ್ಣವನ್ನೆಲ್ಲ ಹಿಡಿದರೆ ದೊಡ್ಡವು ಆಗುವುದೇ ಇಲ್ಲ.

ಮೆಣಸಿನ ಅಗಿಮಡಿಯನ್ನು ದನ ಮೇಯ್ದರೆ ಆ ವರ್ಷದ ಬೆಳೆ ಹೋಯಿತೆಂದು ನಮಗೆ ಗೊತ್ತು. ಅಳಿವೆಯು ಸಮುದ್ರದ ಮೀನಿಗೆ ಅಂಥ ಅಗಿಮಡಿ. ಈ ಕಾರಣಕ್ಕೇ ಮರಿಮೀನು ಹಿಡಿಯುವುದಕ್ಕೆ ಮಿತಿ ಬೇಕಾಗುತ್ತದೆ. ಕೇರಳದಲ್ಲಿ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ತಾರ್ಲೆಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಎಂದು ಗೊತ್ತುಪಡಿಸಿದ್ದಾರೆ. ನಮ್ಮ ರಾಜ್ಯದಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಇದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ.

ಮರಳಿ ಬರುವ ಹೊತ್ತು

ಒಂಬತ್ತೂವರೆಯ ಸುಮಾರಿಗೆ ಮೀನು ಚೆನ್ನಾಗಿ ಬೀಳುತ್ತಿತ್ತು. ಆಗಲೇ ಯಜಮಾನರು ಲಂಗರು ಎತ್ತಿದರು. "ಇನ್ನೊಂದು ಅರ್ಧ ತಾಸು ಇರೋಣ್ರೀ" ಎಂದು ನಮ್ಮವರು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಹಣ ಕೊಟ್ಟು ಬಂದವರಿಗೆ ಸ್ವಲ್ಪ ಬೇಸರವೂ ಆಯಿತು.

ದಡಕ್ಕೆ ಬಂದು ಊಟ ಮುಗಿಸಿ ಹನ್ನೆರಡಕ್ಕೆ ನೋಡಿದಾಗ, ನಾವು ದಾಟಿ ಬಂದಿದ್ದ ಅಳಿವೆಯ ಬಾಯಿ ಬೆಳ್ಳಗೆ ನೊರೆಯಾಗಿತ್ತು. ಕಾರಣ ಸರಳ. ಬಿಸಿಲೇರಿದಂತೆ ನೆಲ ಕಾಯ್ದು, ಸಮುದ್ರದಿಂದ ದಡದ ಕಡೆಗೆ ಗಾಳಿ ಬೀಸತೊಡಗುತ್ತದೆ. ಹೊರಗೆ ಓಡುವ ಇಳಿತದ ನೀರಿಗೆ ಒಳಗೆ ಬೀಸುವ ಗಾಳಿ ಎದುರಾದಾಗ, ಮರಳುದಿಬ್ಬದ ಮೇಲೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಸಣ್ಣ ದೋಣಿ ಅಲ್ಲಿ ಮಗುಚುವ ಸಂಭವ ಹೆಚ್ಚು. ಬೇಸರಪಟ್ಟವರೆಲ್ಲ ಆಗ ಸುಮ್ಮನಾದರು. ದೋಣಿಯಲ್ಲಿ ಯಜಮಾನರ ಮಾತೇ ಕೊನೆಯ ಮಾತು ಎಂಬುದನ್ನು ಯಾರೂ ಮರೆಯಬಾರದು.

"ಹಾಳಾಗುವ" ನೀರಿನ ಪ್ರಶ್ನೆ

ಊಟದ ಹೊತ್ತಿನಲ್ಲಿ ನಮ್ಮ ಹಿರಿಯ ರೈತರೊಬ್ಬರು ಕೇಳಿದರು: "ಮಳಿಗಾಲದಾಗ ಇಷ್ಟೆಲ್ಲಾ ನೀರು ಸಮುದ್ರಕ್ಕ ಹೋಗಿ ಹಾಳಾಗತೈತಲ್ರೀ ಯಜಮಾನ್ರ. ನಮ್ಮ ಕಡೆ ತಿರುವಿದ್ರ ಆಗೂದಿಲ್ಲೇನು?"

ಇದು ಸಣ್ಣ ಪ್ರಶ್ನೆಯಲ್ಲ. ಇಲ್ಲಿಂದ ಉತ್ತರಕ್ಕೆ ಕೆಲವೇ ಮೈಲಿ ದೂರದಲ್ಲಿ ಬೇಡ್ತಿ ನದಿಯು ಗಂಗಾವಳಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ಬೇಡ್ತಿಯ ನೀರನ್ನು ವರದಾ ನದಿಗೆ ಜೋಡಿಸುವ ಯೋಜನೆಯ ಮಾತು ಹಲವು ವರ್ಷಗಳಿಂದ ನಡೆದಿದೆ. ಹಾವೇರಿ ಭಾಗದಲ್ಲಿ ಅದಕ್ಕೆ ಬೇಡಿಕೆ, ಉತ್ತರ ಕನ್ನಡದಲ್ಲಿ ವಿರೋಧ. ಬೇಸಿಗೆಯಲ್ಲಿ ಒಣಗುವ ವರದೆಯ ದಂಡೆಯವರು ಕೇಳುವುದು ಸಹಜವೇ.

ಯಜಮಾನರು ಸಿಟ್ಟಾಗಲಿಲ್ಲ. "ನಿಮ್ಮ ಹೊಲಕ್ಕೆ ನೀರು ಬೇಕು, ಅದು ಖರೆ. ಆದರೆ ಹಾಳಾಗ್ತದೆ ಅನ್ನಬೇಡಿ. ಆ ನೀರು ಬರದಿದ್ದರೆ ಬೆಳಿಗ್ಗೆ ಗಾಳಕ್ಕೆ ಹಾಕಿದ ಶೆಟ್ಲಿ ಎಲ್ಲಿಂದ ಬರಬೇಕು?" ಎಂದರು. ಅನಂತರ ನಮ್ಮನ್ನು ಸಮೀಪದ ಗಜನಿಗೆ ಕರೆದೊಯ್ದರು.

ಗಜನಿ ಎಂದರೆ ಅಳಿವೆಯ ಅಂಚಿನ ತಗ್ಗು ಭೂಮಿ. ಸುತ್ತಲೂ ಒಡ್ಡು, ನೀರು ಬಿಡಲು ಹಲಗೆಯ ಬಾಗಿಲು. ಮಳೆಗಾಲದ ಸಿಹಿನೀರು ಈ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತವನ್ನು ಬಿತ್ತುತ್ತಾರೆ. ಕಗ್ಗವು ಉಪ್ಪನ್ನೂ, ಕೆಲವು ದಿನ ನೀರಲ್ಲಿ ಮುಳುಗುವುದನ್ನೂ ತಾಳಿಕೊಳ್ಳುವ ತಳಿ. ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಬಿಟ್ಟರೆ ಅದರೊಡನೆ ಬಂದ ಸಿಗಡಿ, ಮೀನುಗಳು ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಹೊಲದಲ್ಲಿ ಅರ್ಧ ವರ್ಷ ಭತ್ತ, ಅರ್ಧ ವರ್ಷ ಮೀನು. ಸವಳು ಭೂಮಿಯ ಕಷ್ಟ ಬಲ್ಲ ನಮ್ಮ ರೈತರು ಮಣ್ಣು ಮುಟ್ಟಿ ನೋಡಿದರು. ನದಿಯ ಸಿಹಿನೀರು ಸಾಲದಾದರೆ ಉಪ್ಪು ತೊಳೆಯದು, ಕಗ್ಗ ಮೊಳೆಯದು ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನದಿಯು ತರುವ ಮಣ್ಣು ಮತ್ತು ಸಾರವೇ ಬಳಚು, ಸಿಗಡಿ, ಮೀನುಗಳ ಆಹಾರಕ್ಕೂ ಮೂಲ.

ನದಿ ಜೋಡಣೆ ಬೇಕೇ ಬೇಡವೇ ಎಂಬುದನ್ನು ಈ ಲೇಖನ ತೀರ್ಮಾನಿಸುವುದಿಲ್ಲ. ಆದರೆ ಸಮುದ್ರ ಸೇರುವ ನೀರನ್ನು ಲೆಕ್ಕದಲ್ಲಿ "ಉಳಿಕೆ" ಎಂದು ಬರೆಯುವುದು ತಪ್ಪು. ಆ ನೀರಿನ ಮೇಲೆ ಆಗಲೇ ಒಂದು ಬೆಳೆ ನಿಂತಿದೆ. ಒಬ್ಬರ ಅಗಿಮಡಿಯ ನೀರನ್ನು ಕೇಳುವಾಗ ಅದು ಅಗಿಮಡಿಯ ನೀರೆಂದು ತಿಳಿದು ಕೇಳಬೇಕು.

ಹೋಗುವವರು ಗಮನಿಸಬೇಕಾದ ಅಂಶಗಳು

1. ಜನರನ್ನು ಕರೆದೊಯ್ಯಲು ಅನುಮತಿ ಇರುವ, ನೋಂದಣಿಯಾದ ದೋಣಿಯನ್ನೇ ಆರಿಸಬೇಕು. ಮಿತಿಗಿಂತ ಹೆಚ್ಚು ಜನ ಏರಬಾರದು.

2. ಜೀವರಕ್ಷಕ ಅಂಗಿ ಎಲ್ಲರಿಗೂ ಬೇಕು. ಈಜು ಬಲ್ಲವರಿಗೂ ಬೇಕು.

3. ಮೊದಲ ಸಲ ಹೋಗುವವರು ಅಷ್ಟಮಿಯ ಆಸುಪಾಸಿನ ದಿನ ನೋಡಿ, ಬೆಳಿಗ್ಗೆ ಬೇಗ ಹೊರಟು, ಗಾಳಿ ಏಳುವ ಮೊದಲು ಮರಳಬೇಕು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹಿಂದಿನ ದಿನವೇ ಕೇಳಬೇಕು.

4. ಮರಿಮೀನನ್ನು ಒದ್ದೆ ಕೈಯಿಂದ ಹಿಡಿದು ತಡಮಾಡದೆ ಬಿಡಬೇಕು. ಕೊಕ್ಕೆ ನುಂಗಿದ್ದರೆ ಜಗ್ಗದೆ ದಾರ ಕತ್ತರಿಸಬೇಕು.

5. ಮೀನನ್ನು ಊರಿಗೆ ತರುವುದಾದರೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸು ಹಾಕಬೇಕು.

6. ತುಂಡಾದ ನೈಲಾನ್ ದಾರ, ಪ್ಲಾಸ್ಟಿಕ್ ಚೀಲಗಳನ್ನು ನೀರಿಗೆ ಎಸೆಯಬಾರದು.

ಊರಿಗೆ ಮರಳಿದ ಮೇಲೆ

ವರದಾ ನದಿ ಅಘನಾಶಿನಿಯ ಕಡಲನ್ನು ಸೇರುವುದಿಲ್ಲ. ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆದರೂ ಪಾಠ ಒಂದೇ. ಮುಂಗಾರಿನ ಹೊಸ ನೀರಿಗೆ ನಮ್ಮ ಹೊಳೆ, ಹಳ್ಳಗಳಲ್ಲೂ ಮೊಟ್ಟೆ ತುಂಬಿದ ಮೀನುಗಳು ಎದುರು ಏರುತ್ತವೆ. ಆ ಕೆಲವು ವಾರ ಅವನ್ನು ಬಿಟ್ಟರೆ ಬೇಸಿಗೆಯ ಮಡುಗಳಲ್ಲಿ ಮೀನಿರುತ್ತದೆ. ಹತ್ತಿ, ಮೆಣಸಿನ ಬೆಳೆಗೆ ಔಷಧಿ ಸಿಂಪಡಿಸಿದ ಪಂಪು, ಡಬ್ಬಿಗಳನ್ನು ಹೊಳೆಯಲ್ಲಿ ತೊಳೆಯಬಾರದು. ಮಡುಗಳಿಗೆ ವಿಷ ಹಾಕಿ ಮೀನು ಹಿಡಿಯುವುದನ್ನು ಊರವರೇ ನಿಲ್ಲಿಸಬೇಕು.

ಮರಳುವ ದಾರಿಯಲ್ಲಿ ಘಟ್ಟ ಹತ್ತುವಾಗ ಪ್ರಶ್ನೆ ಕೇಳಿದ್ದ ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಶಿರಸಿ ದಾಟಿದ ಮೇಲೆ, "ನಮಗೂ ನೀರು ಬೇಕು, ಅವರಿಗೂ ನೀರು ಬೇಕು. ಹಾಳಾಗತೈತಿ ಅನ್ನೂ ಮಾತು ಮಾತ್ರ ಇನ್ ಮ್ಯಾಲ ನಾ ಆಡೂದಿಲ್ರೀ" ಎಂದರು.