ಮೂಟೆಯ ಬಾಯಿಗೊಂದು ಗಂಟು

ಮಗೂ, ಬೆಂಗಳೂರಿನಲ್ಲಿ ಹೊಸ ಮನೆ ಹೂಡಿದ್ದೀಯ. ಎಲ್ಲದಕ್ಕೂ ನೀನು ಟೇಪು ಸುತ್ತಿಡುವುದನ್ನು ನೋಡಿದೆ. ತಿಪಟೂರಿನ ಕಡೆಯವರ ಮನೆಯಲ್ಲಿ ತೆಂಗಿನ ನಾರಿನ ಹುರಿಗೆ ಬರವೇ? ಸ್ಕೌಟ್ ಮಕ್ಕಳಿಗೆ ಹಗ್ಗ ಹಿಡಿಯುವುದನ್ನು ಕಲಿಸಿದ ಮೇಷ್ಟ್ರು ನಾನು. ನಿನಗೂ ಒಂದಿಷ್ಟು ಹೇಳಿಬಿಡುತ್ತೇನೆ.

• ಮೊದಲು ಕೆಲಸ ಯಾವುದೆಂದು ನೋಡಿಕೋ. ಒಂದಷ್ಟು ವಸ್ತುಗಳನ್ನು ಒಟ್ಟಿಗೆ ಬಿಗಿದಿಡಬೇಕೇ, ಇಲ್ಲ ಭಾರ ತೂಗಬೇಕೇ? ನಾನಿಲ್ಲಿ ಹೇಳುವುದೆಲ್ಲ ಬಿಗಿದಿಡುವ ಗಂಟುಗಳು: ರಾಗಿ ಮೂಟೆ, ಸೌದೆ ಹೊರೆ, ಸುತ್ತಿಟ್ಟ ಚಾಪೆ, ಸಡಿಲವಾದ ಪೊರಕೆ ಇಂಥವಕ್ಕೆ. ನಾಗರ ಪಂಚಮಿಯ ಜೋಕಾಲಿಗೆ, ಬಾವಿಗೆ ಇಳಿಬಿಡುವ ಕೊಡಕ್ಕೆ, ಮನುಷ್ಯರ ಭಾರ ಹೊರುವ ಯಾವುದಕ್ಕೂ ಇವನ್ನು ನಂಬಬೇಡ.

• ಎಲ್ಲಕ್ಕಿಂತ ಉಪಯೋಗದ್ದು ಮೂಟೆಯ ಬಾಯಿ ಕಟ್ಟುವ ಗಂಟು. ಓದಿ ಕಲಿಯುವುದು ಕಷ್ಟ. ಲಟ್ಟಣಿಗೆಯನ್ನೂ ಎರಡು ಮೊಳ ದಾರವನ್ನೂ ತಂದು ಕೂತುಕೋ. ದಾರದ ಗಿಡ್ಡ ತುದಿ ಎಡಗೈಯಲ್ಲಿರಲಿ. ಉದ್ದದ ತುದಿಯನ್ನು ಲಟ್ಟಣಿಗೆಯ ಹಿಂದಿನಿಂದ ಒಂದು ಸುತ್ತು ತಂದು, ಗಿಡ್ಡ ತುದಿಯ ಮೇಲೆ ಓರೆಯಾಗಿ ಹಾಯಿಸು. ಹಾಗೆಯೇ ಮುಂದುವರಿದು ಪಕ್ಕದಲ್ಲಿ ಇನ್ನೊಂದು ಸುತ್ತು ಹಾಕು. ಈಗ ಎದುರಿಗೆ ಓರೆಯಾಗಿ ಮಲಗಿದ ಒಂದು ಎಳೆ ಕಾಣುತ್ತದೆ. ಉದ್ದದ ತುದಿಯನ್ನು ಗಿಡ್ಡ ತುದಿಯ ಮೇಲಿನಿಂದ ದಾಟಿಸಿ, ಬಳಿಕ ಆ ಗಿಡ್ಡ ತುದಿ ಮತ್ತು ಓರೆ ಎಳೆ ಎರಡರ ಅಡಿಯಿಂದಲೂ ತೂರಿಸು. ಓರೆ ಎಳೆಯ ಕೆಳಗೆ ಎರಡು ತುದಿಗಳೂ ಹೆಣೆದುಕೊಂಡು ಅರ್ಧ ಗಂಟಾಗಿರಬೇಕು, ಎರಡೂ ಸುತ್ತುಗಳ ನಡುವಿನಿಂದಲೇ ಹೊರಗೆ ಬಂದಿರಬೇಕು. ಅಷ್ಟಾಗಿದ್ದರೆ ಎದುರುಬದುರಾಗಿ ಜಗ್ಗಿ ಎಳೆ.

• ಸರಿಯಾಯಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಕೈಬಿಟ್ಟು ನೋಡು. ಸರಿಯಾಗಿದ್ದರೆ ಅಲುಗದು. ಓರೆ ಎಳೆ ಅರ್ಧ ಗಂಟನ್ನು ಮೇಲಿನಿಂದ ಅದುಮಿ ಹಿಡಿಯುವುದೇ ಇದರ ಗುಟ್ಟು. ಆ ಹೆಣಿಗೆ ತಪ್ಪಿ, ತುದಿ ಬರೀ ಓರೆ ಎಳೆಯ ಅಡಿಯಿಂದ ಹೋಗಿದ್ದರೆ ಅದು ಸ್ಕೌಟಿನವರ ಕ್ಲೋವ್ ಹಿಚ್. ಗೂಟಕ್ಕೆ ಹಗ್ಗ ಸುತ್ತಲು ಅದು ಸಾಕು, ಮೂಟೆಯ ಬಾಯಿಗೆ ಸಾಲದು.

• ಈ ಗಂಟು ದುಂಡಗಿನ ವಸ್ತುವಿನ ಮೇಲೆ ಮಾತ್ರ ಕೂರುತ್ತದೆ. ರಟ್ಟಿನ ಪೆಟ್ಟಿಗೆಯ ಚಪ್ಪಟೆ ಮೈಮೇಲೆ ಓರೆ ಎಳೆಗೆ ಅದುಮಲು ಆಸರೆಯೇ ಇರುವುದಿಲ್ಲ.

• ಕಟ್ಟುವ ಮುನ್ನವೇ ಬಿಚ್ಚುವವರು ಯಾರೆಂದು ಯೋಚಿಸು. ಬಿಗಿದ ಮೇಲೆ ಇದು ಕಗ್ಗಂಟೇ, ಉಗುರು ಮುರಿದುಕೊಳ್ಳಬೇಡ. ಓರೆ ಎಳೆಯನ್ನು ನಟ್ಟನಡುವೆ ಕೊಯ್ದರೆ ಕೆಳಗಿರುವ ಗಂಟೇ ಚಾಕುವಿಗೆ ಅಡ್ಡ ಸಿಗುತ್ತದೆ, ಚೀಲ ಹರಿಯುವುದಿಲ್ಲ. ದಿನಾ ತೆಗೆಯುವ ಅಕ್ಕಿ ಚೀಲವಾದರೆ, ಕೊನೆಯಲ್ಲಿ ತುದಿಯನ್ನು ಮಡಿಸಿ ಕುಣಿಕೆಯಾಗಿ ತೂರಿಸು. ಆಮೇಲೆ ತುದಿ ಹಿಡಿದು ಸೆಳೆದರೆ ಬಿಚ್ಚಿಕೊಳ್ಳುತ್ತದೆ.

• ಹಗ್ಗ ಕತ್ತರಿಸುವಾಗಲೂ ಇದೇ ಗಂಟು ಕೆಲಸಕ್ಕೆ ಬರುತ್ತದೆ. ಕತ್ತರಿಸುವ ಜಾಗದ ಎರಡೂ ಬದಿಗೆ ತೆಳು ದಾರದಲ್ಲಿ ಒಂದೊಂದು ಹಾಕಿ ಬಿಗಿ, ಬಳಿಕ ಕತ್ತರಿಸು. ಎಳೆ ಕೆದರುವುದಿಲ್ಲ. ಅಮೆರಿಕದ ಕ್ಲಿಫರ್ಡ್ ಆಶ್ಲಿ 1944ರಲ್ಲಿ ಹೊರತಂದ ಗಂಟುಗಳ ದಪ್ಪ ಪುಸ್ತಕದಲ್ಲಿ ಇದು 1249ನೆಯದು, ಹೆಸರು ಕನ್‌ಸ್ಟ್ರಿಕ್ಟರ್. ಆ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಸಂಸಾರಕ್ಕೆ ನಾಲ್ಕು ಗೊತ್ತಿದ್ದರೆ ಧಾರಾಳವಾಯಿತು.

• ಪೊಟ್ಟಣಕ್ಕೆ, ಗಾಯದ ಪಟ್ಟಿಗೆ ರೀಫ್ ನಾಟ್. ಬಲದ ತುದಿ ಎಡದ್ದರ ಮೇಲೆ, ಆಮೇಲೆ ಎಡಕ್ಕೆ ಬಂದದ್ದನ್ನು ಬಲದ್ದರ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದೆಯೋ, ಕೆಟ್ಟಿತು. ಗುರುತು ಸುಲಭ: ಸರಿಯಾದದ್ದರಲ್ಲಿ ತುದಿಗಳು ದಾರದ ಜೊತೆಜೊತೆಗೇ ಮಲಗುತ್ತವೆ, ತಪ್ಪಿದರೆ ಅಡ್ಡಡ್ಡ ಸೆಟೆದು ನಿಲ್ಲುತ್ತವೆ. ಗಂಟು ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿಯಲ್ಲಿ ಮೈಗೆ ಒತ್ತುವುದಿಲ್ಲ. ವಿಶ್ವ ಸ್ಕೌಟ್ ಲಾಂಛನದ ಸುತ್ತ ಹಗ್ಗವಿದೆಯಲ್ಲ, ಅದರ ಬುಡದಲ್ಲಿರುವುದು ಇದೇ. ಇಷ್ಟು ಹೊಗಳಿದೆನೆಂದು ಎರಡು ಹಗ್ಗ ಜೋಡಿಸಿ ಭಾರ ಎಳೆಯಲು ಬಳಸೀಯೆ! ಒಂದು ತುದಿಗೆ ಜಗ್ಗು ಬಿದ್ದರೆ ಸಾಕು, ಗಂಟು ಮಗುಚಿಕೊಂಡು ಜಾರಿಹೋಗುತ್ತದೆ.

• ರೀಫ್ ನಾಟ್ ಹಾಕುವಾಗ ಮೊದಲರ್ಧ ಸಡಿಲಾಗಿ, ಬೆರಳಿಟ್ಟು ಹಿಡಿದುಕೊಳ್ಳಲು ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ಮೊದಲರ್ಧಕ್ಕೆ ಒಂದು ಹೊರಳು ಹೆಚ್ಚಿಗೆ ಕೊಡು, ಯಾರನ್ನೂ ಕರೆಯಬೇಕಿಲ್ಲ. ಹೊಲಿಗೆ ಹಾಕುವ ಡಾಕ್ಟರುಗಳ ಉಪಾಯವಿದು.

• ದಾರದ ಗುಣ ನೋಡಿ ಗಂಟು ಹಾಕು. ನಾರಿನ ಹುರಿ ಒರಟು, ಗಂಟು ಜಾರದು. ಹತ್ತಿ, ಸೆಣಬು ನೆನೆದರೆ ಉಬ್ಬಿ ಗಂಟು ಕಚ್ಚಿಕೊಳ್ಳುತ್ತದೆ. ಬಾಳೆ ನಾರನ್ನು ನೀರಲ್ಲಿ ನೆನೆಸದೆ ಮುಟ್ಟಬೇಡ, ಒಣಗಿದ್ದು ಪಟ್ಟೆಂದು ತುಂಡಾಗುತ್ತದೆ. ನೈಲಾನು ನುಣುಪು, ತುದಿ ಉದ್ದ ಬಿಟ್ಟು ಇನ್ನೊಂದು ಅರ್ಧ ಗಂಟು ಸೇರಿಸು. ಪ್ಲಾಸ್ಟಿಕ್ ದಾರ ಬಿಸಿಲಲ್ಲಿದ್ದರೆ ಪುಡಿಪುಡಿಯಾಗುತ್ತದೆ. ನನಗಂತೂ ಅದರ ಮೇಲೆ ಯಾವತ್ತೂ ಗೌರವವಿಲ್ಲ.

• ಜೀವವಿರುವ ಯಾವುದಕ್ಕೂ ಮೂಟೆಯ ಗಂಟು ಕೂಡದು. ಕರುವಿನ ಕೊರಳಿನ ಕಣ್ಣಿಗೆ ಇದನ್ನು ಹಾಕಿದರೆ ಉಸಿರು ಕಟ್ಟೀತು. ಅಲ್ಲಿ ಬೇಕಾದದ್ದು ಬಿಗಿಯದ ಕುಣಿಕೆ. ಬಾಲ್ಕನಿಯ ಟೊಮೇಟೊ ಗಿಡಕ್ಕಾದರೆ, ಕೋಲಿಗೂ ಕಾಂಡಕ್ಕೂ ನಡುವೆ ದಾರವನ್ನು ಇಂಗ್ಲಿಷಿನ ಎಂಟರ ಹಾಗೆ ಸುತ್ತಿ, ಗಂಟನ್ನು ಕೋಲಿನ ಕಡೆಗೆ ಹಾಕು. ಕಾಂಡದ ಸುತ್ತ ಕಿರುಬೆರಳು ಆಡುವಷ್ಟು ಜಾಗವಿರಲಿ. ತಿಂಗಳಿಗೊಮ್ಮೆ ಸಡಿಲಿಸು, ಕಾಂಡ ದಪ್ಪವಾಗುತ್ತಿರುತ್ತದೆ.

• ಕೊಯ್ದ ದಾರದ ತುಂಡು ಎರಡು ಮೊಳವಿದ್ದರೆ ಎಸೆಯಬೇಡ, ಇನ್ನೊಂದು ಚೀಲದ ಬಾಯಿಗಾಗುತ್ತದೆ. ಅದಕ್ಕಿಂತ ಗಿಡ್ಡದ್ದು ಕರಿಬೇವಿನ ಕಟ್ಟಿಗೆ.