ಸೈಕಲ್ ದಾರಿಯೂ ಒಂದು ಪಾಠಶಾಲೆ

ಧ್ಯಾನಕ್ಕೆ: ಮತ್ತಾಯ 6:25-34



ಹೊಸೂರಿನಲ್ಲಿ ಇಂದಿಗೂ ಸೈಕಲ್ಲನ್ನೇ ನಂಬಿದವರು ಇದ್ದಾರೆ. ಸಿಪ್ಕಾಟ್ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವವರು, ಗಾರೆ ಕೆಲಸದವರು, ಪೇಪರ್ ಹಾಕುವ ಹುಡುಗರು, ಸರ್ಕಾರ ಕೊಟ್ಟ ಸೈಕಲ್ ತುಳಿದು ಶಾಲೆಗೆ ಹೋಗುವ ಪ್ಲಸ್ ಒನ್ ಮಕ್ಕಳು. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಎಂದರೆ ಆರು ದಿನಕ್ಕೆ ಆರು ಗಂಟೆ. ಭಾನುವಾರದ ಬಲಿಪೂಜೆಗೆ ನಾವು ಕೊಡುವುದು ಸುಮಾರು ಒಂದು ಗಂಟೆ. ದಾರಿಯ ಆ ಆರು ಗಂಟೆಯೂ ದೇವರದೇ ಅಲ್ಲವೇ? ಈ ಸಲದ ಪಾಠ ಇದನ್ನು ಕುರಿತದ್ದು.

1. ಯೇಸುಸ್ವಾಮಿ ಹೂ ತೋರಿಸಿದ್ದು ಯಾರಿಗೆ?

ಹೊಲದ ಹೂಗಳನ್ನು ಗಮನಿಸಿರಿ ಎಂದು ಸ್ವಾಮಿ ಹೇಳಿದ್ದು ಬಿಡುವಾಗಿ ಕುಳಿತ ಶ್ರೀಮಂತರಿಗಲ್ಲ. ಏನು ಉಣ್ಣುವುದು, ಏನು ಉಡುವುದು ಎಂಬ ಚಿಂತೆ ಹೊತ್ತ ಜನರಿಗೆ. ಇಲ್ಲಿ ಶುಭಸಂದೇಶಕಾರ ಮತ್ತಾಯನು ಬಳಸಿರುವ ಗ್ರೀಕ್ ಪದಕ್ಕೆ ಸುಮ್ಮನೆ ನೋಡು ಎಂಬುದಷ್ಟೇ ಅರ್ಥವಲ್ಲ, ಚೆನ್ನಾಗಿ ಕಲಿತುಕೋ ಎಂದೂ ಆಗುತ್ತದೆ. ಅಂದರೆ ಆ ಹೂವೇ ಪಾಠ. ಇಂದು ಅರಳಿ ನಾಳೆ ಒಲೆಗೆ ಬೀಳುವ ಹುಲ್ಲನ್ನೂ ದೇವರು ಸಿಂಗರಿಸುತ್ತಾರೆ ಎಂದಮೇಲೆ ನಿಮ್ಮನ್ನು ಮರೆಯುತ್ತಾರೆಯೇ ಎಂಬುದು ಸ್ವಾಮಿಯ ವಾದ.

ನಮ್ಮ ಊರು ಗುಲಾಬಿಗೆ ಹೆಸರಾದದ್ದು. ಪಾಲಿಹೌಸ್‌ಗಳಲ್ಲಿ ಬೆಳೆದ ಹೂ ಹೊರದೇಶಕ್ಕೂ ಹೋಗುತ್ತದೆ, ಅದಕ್ಕೆ ಬೆಲೆಯುಂಟು. ಆದರೆ ಸ್ವಾಮಿ ತೋರಿಸಿದ್ದು ಯಾರೂ ಬೆಲೆ ಕಟ್ಟದ ಹೂವನ್ನು. ಚರಂಡಿಯ ಪಕ್ಕದ ಮಣ್ಣಿನಲ್ಲಿ ತಾನಾಗಿ ಹುಟ್ಟುವ ತುಂಬೆ ಅಂಥದ್ದು. ನಾವು ತುಂಬೆ ಎನ್ನುವುದನ್ನು ತಮಿಳರು ತುಂಬೈ ಎನ್ನುತ್ತಾರೆ, ತೆಲುಗರು ತುಮ್ಮಿ ಎನ್ನುತ್ತಾರೆ. ಮೂರು ಭಾಷೆಯವರ ಬೀದಿಯಲ್ಲೂ ಅದು ಒಂದೇ ಬಿಳುಪಿನಲ್ಲಿ ಅರಳುತ್ತದೆ.

2. ಸೈಕಲ್ ಏಕೆ ಒಳ್ಳೆಯ ಗುರು?

ಐದು ಕಿಲೋಮೀಟರ್ ದಾರಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಐದು ನಿಮಿಷ. ಸೈಕಲ್ಲಿನ 12 ಕಿಲೋಮೀಟರ್ ವೇಗದಲ್ಲಿ 25 ನಿಮಿಷ. ಆ ಇಪ್ಪತ್ತು ನಿಮಿಷ ನಷ್ಟವೆಂದು ಕೊರಗುವ ಬದಲು ಅದರಲ್ಲಿ ಸಿಗುವುದನ್ನು ಲೆಕ್ಕ ಹಾಕೋಣ. ಚೈತ್ರದಲ್ಲಿ ಹೊಂಗೆಯ ತಳಿರು, ಅದರಡಿ ನೆಲಕ್ಕೆ ಸುರಿದ ಹೂ, ಮಳೆ ಬಿದ್ದ ಮಣ್ಣಿನ ವಾಸನೆ, ಬಾಗಿಲ ಮುಂದೆ ಆಗತಾನೇ ಇಟ್ಟ ರಂಗೋಲಿ, ಟೀ ಅಂಗಡಿಯವರ ನಮಸ್ಕಾರ. ಗಾಜು ಏರಿಸಿದ ಕಾರಿಗೆ ಇವು ಸಿಗುವುದಿಲ್ಲ.

ವಿಶ್ವಗುರು ಫ್ರಾನ್ಸಿಸರು 2013ರಲ್ಲಿ ಹೊರಡಿಸಿದ ‘ಎವಾಂಜೆಲಿ ಗೌದಿಯುಮ್’ ಎಂಬ ಪ್ರೇರಣಾಪತ್ರದಲ್ಲಿ, ಪಟ್ಟಣವನ್ನು ಧ್ಯಾನದ ಕಣ್ಣಿನಿಂದ ನೋಡಬೇಕೆಂದು ಬೋಧಿಸಿದ್ದಾರೆ. ದೇವರು ಅಲ್ಲಿನ ಮನೆ, ಬೀದಿ, ಚೌಕಗಳಲ್ಲೇ ವಾಸವಾಗಿದ್ದಾರೆ. ನಾವು ಅವರನ್ನು ಹೊರಗಿನಿಂದ ಹೊತ್ತು ತರಬೇಕಾಗಿಲ್ಲ, ಗುರುತಿಸಿದರೆ ಸಾಕು ಎಂಬುದು ಅದರ ಸಾರ.

3. ಧೂಳು, ಹೊಗೆ, ಆಯಾಸ ಇಲ್ಲವೇ?

ಇದೆ. ರಾತ್ರಿ ಪಾಳಿ ಮುಗಿಸಿ ಲಾರಿಗಳ ಮಧ್ಯೆ ಸೈಕಲ್ ತುಳಿಯುವವರಿಗೆ ‘ಚೆಲುವನ್ನು ನೋಡಿ’ ಎಂದು ಬರೀ ಬಾಯಿಮಾತಿನಲ್ಲಿ ಹೇಳಿದರೆ ಅದು ಉಪದೇಶವಲ್ಲ, ಅಣಕ. ಕೆಟ್ಟ ರಸ್ತೆ ಕೆಟ್ಟದ್ದೇ. ಅದನ್ನು ಸರಿಪಡಿಸಿ ಎಂದು ಕೇಳುವುದು ನಮ್ಮ ಹಕ್ಕು. ಚೆಲುವನ್ನು ಕಾಣುವುದೆಂದರೆ ಕೊಳಕಿಗೆ ಕಣ್ಣು ಮುಚ್ಚುವುದಲ್ಲ. ಒಳ್ಳೆಯದನ್ನು ಕಂಡ ಕಣ್ಣಿಗೇ ಅದು ಎಲ್ಲಿ ಕೆಟ್ಟಿದೆ ಎಂಬುದೂ ಬೇಗ ತಿಳಿಯುತ್ತದೆ. ರಂಗೋಲಿಯನ್ನು ಮೆಚ್ಚಿದವನು ಅದರ ಮೇಲೆ ಚಕ್ರ ಹಾಯಿಸುವುದಿಲ್ಲ. ಬೆಳಗಿನ ಬೀದಿ ಶುಚಿಯಾಗಿದೆ ಎಂದು ಸಂತೋಷಪಟ್ಟವನು ಗುಡಿಸಿದ ತಾಯಿಯ ಮುಖವನ್ನೂ ನೋಡುತ್ತಾನೆ.

ಆ ಮುಖದ ತನಕ ಹೋಗದಿದ್ದರೆ ನಮ್ಮ ನೋಟ ಅರ್ಧದಲ್ಲೇ ನಿಂತಂತೆ. ಇಟಲಿಯ ಜೀನೋ ಬಾರ್ತಾಲಿ 1938 ಮತ್ತು 1948ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಕಥೋಲಿಕ ಭಕ್ತ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಭ್ಯಾಸದ ನೆಪದಲ್ಲಿ ಸೈಕಲ್ ತುಳಿಯುತ್ತಾ, ಅದರ ಕೊಳವೆಯೊಳಗೆ ಗುರುತಿನ ಕಾಗದಗಳನ್ನು ಬಚ್ಚಿಟ್ಟು ಸಾಗಿಸಿ ಯೆಹೂದ್ಯರ ಪ್ರಾಣ ಉಳಿಸಲು ನೆರವಾದರು. ಬದುಕಿರುವಾಗ ಅದನ್ನು ಹೇಳಿಕೊಂಡು ಮೆರೆಯಲಿಲ್ಲ. ಅವರು ತೀರಿಕೊಂಡು ಹದಿಮೂರು ವರ್ಷವಾದ ಮೇಲೆ, 2013ರಲ್ಲಿ, ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಗೌರವಿಸಿತು. ದಿನದ ಸವಾರಿಯೇ ನೆರೆಯವರ ಸೇವೆಯಾಯಿತು.

4. ಈ ವಾರದ ಅಭ್ಯಾಸ

• ಹೊರಡುವ ಮುನ್ನ ಶಿಲುಬೆಯ ಗುರುತು ಹಾಕಿ, ಬ್ರೇಕ್ ಪರೀಕ್ಷಿಸಿ. ಎರಡೂ ಬೇಕು.
• ಇಯರ್‌ಫೋನ್ ಜೇಬಿನಲ್ಲಿರಲಿ. ಓಡುವಾಗ ಕಣ್ಣು ರಸ್ತೆಯ ಮೇಲಿರಲಿ. ಸಿಗ್ನಲ್ಲಿನಲ್ಲಿ ನಿಂತಾಗ ಸುತ್ತ ನೋಡಿ.
• ದಿನಕ್ಕೆ ಒಂದು ಹೊಸ ವಸ್ತುವನ್ನು, ಒಬ್ಬ ವ್ಯಕ್ತಿಯನ್ನು ಗಮನಿಸಿ. ಸಾಧ್ಯವಾದರೆ ಅವರ ಭಾಷೆಯಲ್ಲೇ ಒಂದು ಮಾತಾಡಿ.
• ರಾತ್ರಿ ಆತ್ಮಶೋಧನೆಯಲ್ಲಿ ಆ ಎರಡಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಿ. ಮನೆಯವರಿಗೂ ತಿಳಿಸಿ.

ಚರ್ಚೆಗೆ: ನಮ್ಮ ದಿನದ ದಾರಿಯಲ್ಲಿ ಬಹಳ ಕಾಲದಿಂದ ನೋಡಿಯೂ ಮಾತಾಡಿಸದವರು ಯಾರು? ನಮ್ಮ ಬೀದಿಯ ಚೆಲುವನ್ನು ಕೆಡಿಸುತ್ತಿರುವುದು ಏನು? ಅದನ್ನು ಸರಿಪಡಿಸಲು ನಮ್ಮ ಅನ್ಬಿಯಂ ಕೂಟ ಏನು ಮಾಡಬಹುದು?

ಪ್ರಾರ್ಥನೆ: ಹೊಲದ ಹುಲ್ಲನ್ನೂ ಸಿಂಗರಿಸುವ ತಂದೆಯೇ, ದುಡಿಮೆಗೆ ಹೋಗುವ ನಮ್ಮ ದಾರಿಯನ್ನು ಕಾಯಿರಿ. ನಿಮ್ಮ ಕೈಕೆಲಸವನ್ನು ಕಾಣುವ ಕಣ್ಣನ್ನೂ, ಕಂಡವರ ಮುಂದೆ ನಿಲ್ಲುವ ಮನಸ್ಸನ್ನೂ ನಮಗೆ ಕೊಡಿ. ಆಮೆನ್.